ಜೇಬಿಗೆ ಕೈ ಹಾಕುವ ಮುನ್ನ ಕೇಳಬೇಕಾದ ಮಾತು

ನಗರದ ಪತ್ರಿಕೆಗಳ ಒಳಪುಟಗಳಲ್ಲಿ ಆಗಾಗ ಕಾಣಸಿಗುವ ಛಾಯಾಚಿತ್ರವೊಂದಿದೆ. ಉದ್ದನೆಯ ಮೇಜಿನ ಮೇಲೆ ಪ್ಲಾಸ್ಟಿಕ್ ಪೊಟ್ಟಣಗಳು, ಒಂದು ಎಲೆಕ್ಟ್ರಾನಿಕ್ ತಕ್ಕಡಿ, ನಾಲ್ಕಾರು ಮೊಬೈಲ್ ಫೋನುಗಳು. ಮೇಜಿನ ಹಿಂದೆ ಹಿರಿಯ ಪೊಲೀಸ್ ಅಧಿಕಾರಿಗಳು, ಪಕ್ಕದಲ್ಲಿ ಮುಖಕ್ಕೆ ಕಪ್ಪು ಮುಸುಕು ಹಾಕಿಸಿಕೊಂಡ ಇಬ್ಬರು ಮೂವರು ಯುವಕರು. ವಶಪಡಿಸಿಕೊಂಡ ಮಾಲಿನ ಬೆಲೆ ಇಷ್ಟು ಲಕ್ಷ ಎಂಬ ವಿವರ ತಪ್ಪದೇ ಇರುತ್ತದೆ. ಮೂರು ನಾಲ್ಕು ವರ್ಷಗಳ ನಂತರ ಅದೇ ಯುವಕರಲ್ಲಿ ಕೆಲವರು ಖುಲಾಸೆಯಾದಾಗ ಸುದ್ದಿ ಬರುವುದೇ ಅಪರೂಪ. ಬಂದರೂ ‘ತಾಂತ್ರಿಕ ಕಾರಣದಿಂದ ಬಿಡುಗಡೆ’ ಎಂಬ ಒಂದು ಸಾಲಿನಲ್ಲಿ ಅದು ಮುಗಿದುಹೋಗುತ್ತದೆ. ಆ ಸಾಲನ್ನು ಓದಿದ ಸಭ್ಯ ನಾಗರಿಕರು ಕಾಯ್ದೆಯಲ್ಲಿ ರಂಧ್ರಗಳನ್ನು ಹುಡುಕುವ ವಕೀಲರನ್ನು ಮನಸ್ಸಿನಲ್ಲೇ ಶಪಿಸಿ ಮುಂದಿನ ಪುಟಕ್ಕೆ ಹೋಗುತ್ತಾರೆ.

ಆ ‘ತಾಂತ್ರಿಕ ಕಾರಣ’ಗಳನ್ನು ನ್ಯಾಯಾಲಯದ ಮುಂದಿಡುವ ವಕೀಲರಲ್ಲಿ ನಾನೂ ಒಬ್ಬ. ಈ ಶಾಪಕ್ಕೆ ಉತ್ತರ ಕೊಡಬೇಕೆಂದು ಬಹಳ ದಿನಗಳಿಂದ ಅನ್ನಿಸಿತ್ತು. ನನ್ನ ಕಕ್ಷಿದಾರರೆಲ್ಲ ನಿರಪರಾಧಿಗಳೆಂದು ಹೇಳುವುದು ಈ ಬರಹದ ಉದ್ದೇಶವಲ್ಲ. ಹಾಗೆ ಹೇಳಿದರೆ ಯಾರೂ ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ. ನಾವು ‘ತಾಂತ್ರಿಕ’ ಎಂದು ಕರೆದು ಕಡೆಗಣಿಸುತ್ತಿರುವುದು ಏನನ್ನು, ಮಾದಕ ವಸ್ತುಗಳ ಕಾಯ್ದೆಯಲ್ಲಿ ಅದಕ್ಕೆ ಅಷ್ಟು ಮಹತ್ವ ಏಕೆ ಬಂತು, ಈಗ ಅದರಲ್ಲಿ ಎಷ್ಟು ಉಳಿದಿದೆ ಎಂಬುದನ್ನು ಮಾತ್ರ ಹೇಳಬಯಸುತ್ತೇನೆ.

ಎನ್‌ಡಿಪಿಎಸ್ ಕಾಯ್ದೆ ಎಂದು ಎಲ್ಲರೂ ಕರೆಯುವ ಮಾದಕ ವಸ್ತುಗಳ ಕಾಯ್ದೆ ಜಾರಿಗೆ ಬಂದದ್ದು 1985ರ ನವೆಂಬರ್ 14ರಂದು. ಅದಕ್ಕೂ ಮೊದಲು ನಮ್ಮಲ್ಲಿದ್ದದ್ದು ಬ್ರಿಟಿಷರ ಕಾಲದ ಅಫೀಮು ಕಾಯ್ದೆಗಳು ಮತ್ತು 1930ರ ಅಪಾಯಕಾರಿ ಮಾದಕ ವಸ್ತುಗಳ ಕಾಯ್ದೆ. 1930ರ ಕಾಯ್ದೆಯಲ್ಲಿ ಗರಿಷ್ಠ ಶಿಕ್ಷೆ 3 ವರ್ಷ. ಅಪರಾಧ ಮರುಕಳಿಸಿದರೆ 4 ವರ್ಷ. ಹೊಸ ಕಾಯ್ದೆ ಇದನ್ನು ಒಮ್ಮೆಗೇ ಕನಿಷ್ಠ 10, ಗರಿಷ್ಠ 20 ವರ್ಷಗಳಿಗೆ ಏರಿಸಿತು. ಕಳ್ಳಸಾಗಣೆಯ ಜಾಲಗಳನ್ನು ಎದುರಿಸಲು ಇದು ಅಗತ್ಯವೆಂದು ಸಂಸತ್ತು ಭಾವಿಸಿತ್ತು. ಆ ಭಾವನೆ ಪೂರ್ತಿ ತಪ್ಪೆಂದು ಹೇಳಲಾರೆ.

ಆದರೆ ಶಿಕ್ಷೆಯ ಜೊತೆಗೆ ಇನ್ನೂ ಎರಡು ಸಂಗತಿಗಳು ಬಂದವು. ಮೊದಲನೆಯದು ಪೂರ್ವಗ್ರಹಿಕೆ. ಸಾಮಾನ್ಯ ಅಪರಾಧ ಪ್ರಕರಣಗಳಲ್ಲಿ ಆರೋಪವನ್ನು ಸಾಬೀತು ಮಾಡುವ ಹೊಣೆ ಸರ್ಕಾರದ್ದು. ಈ ಕಾಯ್ದೆಯಲ್ಲಿ ನಿಮ್ಮ ಬಳಿ ವಸ್ತು ಸಿಕ್ಕಿತೆಂದು ಒಮ್ಮೆ ಸ್ಥಾಪಿತವಾದರೆ ಸಾಕು, ನಿಮಗೆ ಅದರ ಅರಿವಿತ್ತು, ಅಪರಾಧದ ಉದ್ದೇಶವೂ ಇತ್ತು ಎಂದೇ ನ್ಯಾಯಾಲಯ ಭಾವಿಸಬೇಕೆಂದು 35 ಮತ್ತು 54ನೇ ಕಲಮುಗಳು ಹೇಳುತ್ತವೆ. ‘ನನಗೆ ಗೊತ್ತಿರಲಿಲ್ಲ’ ಎಂಬುದನ್ನು ಸಾಬೀತು ಮಾಡಬೇಕಾದವನು ಆರೋಪಿ. ಅದನ್ನೂ ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತು ಮಾಡಬೇಕು. ಕೊಲೆ ಆರೋಪಿಗೂ ಇಂಥ ಹೊರೆಯಿಲ್ಲ. ಎರಡನೆಯದು ಜಾಮೀನು. 1989ರ ತಿದ್ದುಪಡಿಯ ನಂತರ 37ನೇ ಕಲಮಿನ ಪ್ರಕಾರ, ವಾಣಿಜ್ಯ ಪ್ರಮಾಣ ಎಂದು ಕರೆಯಲಾಗುವ ತೂಕದ ವಸ್ತು ಸಿಕ್ಕಿದ್ದರೆ, ‘ಈತ ತಪ್ಪಿತಸ್ಥನಲ್ಲ ಎಂದು ನಂಬಲು ಕಾರಣಗಳಿವೆ’ ಎಂದು ನ್ಯಾಯಾಧೀಶರಿಗೆ ಮನವರಿಕೆಯಾದ ಹೊರತು ಜಾಮೀನಿಲ್ಲ. ವಿಚಾರಣೆಯೇ ಆರಂಭವಾಗಿಲ್ಲದ ಹಂತದಲ್ಲಿ ಅಂಥ ಮನವರಿಕೆ ಹೇಗೆ ಸಾಧ್ಯ ಎಂದು ಯಾರಾದರೂ ಕೇಳಬಹುದು. ಸುಪ್ರೀಂ ಕೋರ್ಟೇ 2023ರಲ್ಲಿ, ಈ ಷರತ್ತನ್ನು ಅಕ್ಷರಶಃ ಅನ್ವಯಿಸಿದರೆ ಜಾಮೀನೆಂಬುದೇ ಇಲ್ಲವಾಗುತ್ತದೆ, ವಿಚಾರಣೆ ವಿಪರೀತ ವಿಳಂಬವಾದಾಗ ಜಾಮೀನು ಕೊಡಬಹುದು ಎಂಬ ಅರ್ಥದ ಮಾತು ಹೇಳಬೇಕಾಯಿತು. ಆ ಮಾತಿನಿಂದ ಕೆಲವರು ಹೊರಗೆ ಬಂದಿದ್ದಾರೆ, ಅನೇಕರು ಬಂದಿಲ್ಲ.

ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಬೇರೆ ಮೊಕದ್ದಮೆಗಳಲ್ಲಿ ಶೋಧ ಮತ್ತು ಜಪ್ತಿ ತನಿಖೆಯ ಒಂದು ಭಾಗ ಮಾತ್ರ. ಮಾದಕ ವಸ್ತುವಿನ ಪ್ರಕರಣದಲ್ಲಿ ಶೋಧವೇ ಇಡೀ ಮೊಕದ್ದಮೆ. ಜೇಬಿನಿಂದ ಪೊಟ್ಟಣ ಹೊರಬಂದ ಆ ಐದು ನಿಮಿಷಗಳಲ್ಲಿ ಒಬ್ಬನ ಮುಂದಿನ 10 ವರ್ಷಗಳು ತೀರ್ಮಾನವಾಗುತ್ತವೆ. ಉಳಿದದ್ದೆಲ್ಲ ಪ್ರಯೋಗಾಲಯದ ವರದಿ ಮತ್ತು ಲೆಕ್ಕಾಚಾರ. ಆ ಐದು ನಿಮಿಷಗಳಿಗೆ ಸಾಕ್ಷಿ ಯಾರು? ಬಹುಪಾಲು ಸಂದರ್ಭಗಳಲ್ಲಿ ಪೊಲೀಸರು ಮಾತ್ರ.

ಇಷ್ಟು ಕಠಿಣವಾದ ಕಾಯ್ದೆಯನ್ನು ಬರೆದ ಸಂಸತ್ತೇ ಅದರೊಳಗೆ 50ನೇ ಕಲಮನ್ನೂ ಬರೆಯಿತು. ಅಧಿಕಾರಿಯು ಒಬ್ಬ ವ್ಯಕ್ತಿಯ ಮೈ ಶೋಧಿಸುವಾಗ, ಆತ ಬಯಸಿದರೆ, ಹತ್ತಿರದ ಪತ್ರಾಂಕಿತ ಅಧಿಕಾರಿಯ ಅಥವಾ ಮ್ಯಾಜಿಸ್ಟ್ರೇಟರ ಬಳಿಗೆ ಕರೆದೊಯ್ದು ಅವರ ಸಮ್ಮುಖದಲ್ಲಿ ಶೋಧಿಸಬೇಕು. ವಿಷಯ ಇಷ್ಟೇ. 1999ರಲ್ಲಿ ಬಲದೇವ್ ಸಿಂಗ್ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು, ಇಂಥ ಹಕ್ಕು ಇದೆಯೆಂದು ಆ ವ್ಯಕ್ತಿಗೆ ತಿಳಿಸುವುದೇ ಅಧಿಕಾರಿಯ ಕರ್ತವ್ಯ, ತಿಳಿಸದೆ ನಡೆಸಿದ ಶೋಧದಲ್ಲಿ ಸಿಕ್ಕ ವಸ್ತುವನ್ನಷ್ಟೇ ಆಧರಿಸಿ ಶಿಕ್ಷೆ ಕೊಡಲಾಗದು ಎಂದಿತು. 2010ರಲ್ಲಿ ವಿಜಯಸಿಂಹ ಜಡೇಜಾ ಪ್ರಕರಣದಲ್ಲಿ ಇನ್ನೊಂದು ಸಂವಿಧಾನ ಪೀಠವು ಇದನ್ನು ಮತ್ತಷ್ಟು ಬಿಗಿಗೊಳಿಸಿತು. ಹೆಚ್ಚು ಕಡಿಮೆ ಪಾಲಿಸಿದರೆ ಸಾಲದು, ಕಟ್ಟುನಿಟ್ಟಾಗಿ ಪಾಲಿಸಬೇಕು. ಸಾಧ್ಯವಾದಷ್ಟೂ ಮ್ಯಾಜಿಸ್ಟ್ರೇಟರ ಬಳಿಗೇ ಕರೆದೊಯ್ಯಲು ಯತ್ನಿಸಬೇಕು, ಜನಸಾಮಾನ್ಯರಿಗೆ ಅವರ ಮೇಲೆ ಇರುವ ನಂಬಿಕೆ ಹೆಚ್ಚಿನದು ಎಂದೂ ಹೇಳಿತು.

ಇದು ರಂಧ್ರವೇ? ಮನೆ ಕಟ್ಟಿದವನೇ ಗಾಳಿಗೆಂದು ಇಟ್ಟ ಕಿಟಕಿಯನ್ನು ರಂಧ್ರವೆನ್ನುವುದು ನ್ಯಾಯವಲ್ಲ.

ಈ ಕಲಮು ನೆಲದ ಮೇಲೆ ಹೇಗೆ ಪಾಲನೆಯಾಗುತ್ತದೆ ಎಂಬುದನ್ನು ಕೊಂಚ ವಿವರವಾಗಿಯೇ ಹೇಳುತ್ತೇನೆ. ಹೊರಗಿನವರಿಗೆ ಇದು ತಿಳಿಯುವುದು ಕಡಿಮೆ. ದೋಷಾರೋಪ ಪಟ್ಟಿಯ ಜೊತೆಗೆ ಆರೋಪಿ ಸಹಿ ಮಾಡಿದ ಒಂದು ಹಾಳೆ ಇರುತ್ತದೆ. ‘ನನ್ನ ಕಾನೂನುಬದ್ಧ ಹಕ್ಕನ್ನು ತಿಳಿಸಿರುತ್ತಾರೆ. ಪತ್ರಾಂಕಿತ ಅಧಿಕಾರಿಯವರ ಸಮಕ್ಷಮ ಶೋಧನೆಗೆ ನನ್ನ ಒಪ್ಪಿಗೆ ಇರುತ್ತದೆ’ ಎಂಬಂಥ ಒಕ್ಕಣೆ. ಬಿಹಾರದಿಂದ ಬಂದ ಗಾರೆ ಕೆಲಸದವನಿರಲಿ, ಕೇರಳದ ಕಾಲೇಜು ವಿದ್ಯಾರ್ಥಿಯಿರಲಿ, ಎಲ್ಲರೂ ಒಂದೇ ಬಗೆಯ ಅಚ್ಚುಕಟ್ಟಾದ ಕಚೇರಿ ಕನ್ನಡದಲ್ಲಿ ಒಪ್ಪಿಗೆ ಕೊಟ್ಟಿರುತ್ತಾರೆ. ಪತ್ರಾಂಕಿತ ಅಧಿಕಾರಿಯೆಂದು ಸ್ಥಳಕ್ಕೆ ಬರುವವರು ಸಾಮಾನ್ಯವಾಗಿ ಅದೇ ಇಲಾಖೆಯ ಸಹಾಯಕ ಆಯುಕ್ತರು. ಕಾಯ್ದೆ ಇದಕ್ಕೆ ಅವಕಾಶ ಕೊಟ್ಟಿದೆ, ಆದ್ದರಿಂದ ತಪ್ಪೆನ್ನುವಂತಿಲ್ಲ. ಆದರೆ ಪೊಲೀಸರ ಮೇಲೆ ಕಣ್ಣಿಡಲು ಪೊಲೀಸರನ್ನೇ ಕರೆದರೆ ಆ ಕಣ್ಣಿಗೆ ಏನು ಬೆಲೆ? ಮ್ಯಾಜಿಸ್ಟ್ರೇಟರ ಎದುರು ಶೋಧ ನಡೆದ ಪ್ರಕರಣ ನನ್ನ ಕೈಗೆ ಈವರೆಗೆ ಬಂದಿಲ್ಲ.

ಇನ್ನು ಪಂಚರು. ಶೋಧಕ್ಕೆ ಆ ಪ್ರದೇಶದ ಇಬ್ಬರು ಸ್ವತಂತ್ರ, ಗೌರವಾನ್ವಿತ ನಿವಾಸಿಗಳು ಸಾಕ್ಷಿಯಾಗಿರಬೇಕೆಂಬುದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿದ್ದ ನಿಯಮ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಇದೆ. ಠಾಣೆಯ ಎದುರಿನ ಚಹಾದಂಗಡಿಯವನೋ, ಎಳೆದು ತರುವ ವಾಹನದ ಚಾಲಕನೋ ಈ ‘ಗೌರವಾನ್ವಿತ ನಿವಾಸಿ’ಯಾಗುತ್ತಾನೆ. ಪಾಟೀಸವಾಲಿನಲ್ಲಿ ಎಷ್ಟು ಪ್ರಕರಣಗಳಿಗೆ ಪಂಚನಾಗಿದ್ದೀಯೆಂದು ಕೇಳಿದರೆ ಪ್ರಾಮಾಣಿಕನಾದವನು ಬೆರಳು ಮಡಿಸಿ ಎಣಿಸತೊಡಗುತ್ತಾನೆ. ಹಾಗೆಂದು ಇಲ್ಲಿ ಪೊಲೀಸರನ್ನು ಮಾತ್ರ ದೂರುವಂತಿಲ್ಲ. ಪಂಚರಾಗಿ ಬನ್ನಿ ಎಂದು ಅವರು ಅಪಾರ್ಟ್‌ಮೆಂಟ್ ಸಮುಚ್ಚಯವೊಂದರ ಬಾಗಿಲು ಬಡಿದರೆ ಯಾರು ಹೊರಬರುತ್ತಾರೆ? ಮಾದಕ ವಸ್ತುಗಳಿಂದ ಯುವಜನಾಂಗ ಹಾಳಾಗುತ್ತಿದೆಯೆಂದು ಸಂಪಾದಕರಿಗೆ ಪತ್ರ ಬರೆಯುವ ನಾವೇ, ನಾಲ್ಕು ವರ್ಷಗಳ ನಂತರ ಸಾಕ್ಷಿ ಹೇಳಲು ನ್ಯಾಯಾಲಯಕ್ಕೆ ಅಲೆಯಬೇಕಾದೀತೆಂದು ಬಾಗಿಲು ಮುಚ್ಚಿಕೊಳ್ಳುತ್ತೇವೆ. ಚಹಾದಂಗಡಿಯವನಿಗೆ ಇಲ್ಲವೆನ್ನುವ ಸ್ವಾತಂತ್ರ್ಯವಿಲ್ಲ, ಅವನು ಬರುತ್ತಾನೆ.

‘ತಾಂತ್ರಿಕ’ ಎಂಬ ಪದ ಎಷ್ಟು ದಾರಿ ತಪ್ಪಿಸುತ್ತದೆ ಎಂಬುದಕ್ಕೆ ನಾನೇ ನಡೆಸಿದ ಒಂದು ಮೊಕದ್ದಮೆಯ ವಿವರ ಕೊಡುತ್ತೇನೆ. ಆರೋಪಿ ಕಲಬುರಗಿ ಜಿಲ್ಲೆಯ ಕಡೆಯಿಂದ ಬಂದು, ಬೆಂಗಳೂರಿನಲ್ಲಿ ಮನೆಮನೆಗೆ ಊಟ ತಲುಪಿಸುತ್ತಿದ್ದ ಇಪ್ಪತ್ತೊಂದರ ಹುಡುಗ. ಉದ್ಯಾನವೊಂದರ ಪಕ್ಕದಲ್ಲಿ ಸಂಜೆ ಐದೂಕಾಲಕ್ಕೆ ಅವನನ್ನು ಹಿಡಿದು, ಅಲ್ಲೇ ಕುಳಿತು ಮಹಜರು ಬರೆದು, ಏಳು ಗಂಟೆಗೆ ಮುಗಿಸಿ, ಆನಂತರ ಠಾಣೆಗೆ ಬಂದು ಪ್ರಕರಣ ದಾಖಲಿಸಿದೆವು ಎಂಬುದು ಪೊಲೀಸರ ಕಥನ. ಜೇಬಿನಲ್ಲಿ ಸಿಕ್ಕಿತೆನ್ನಲಾದದ್ದು ಎಂಡಿಎಂಎ ಹರಳುಗಳು, 12 ಗ್ರಾಂ. ನಾನು ಮಹಜರಿನ ಮೊದಲ ಪುಟವನ್ನು ಸಾಕ್ಷಿಯ ಕೈಗೆ ಕೊಟ್ಟು ಮೇಲ್ಭಾಗವನ್ನು ಓದಲು ಕೇಳಿದೆ. ಅಲ್ಲಿ ಠಾಣೆಯ ಅಪರಾಧ ಸಂಖ್ಯೆ ಅಚ್ಚಾಗಿತ್ತು. ಪ್ರಕರಣ ದಾಖಲಾದ ಮೇಲಷ್ಟೇ ಹುಟ್ಟುವ ಸಂಖ್ಯೆ, ದಾಖಲಾಗುವ ಒಂದು ಗಂಟೆ ಮೊದಲೇ ಉದ್ಯಾನದ ಪಕ್ಕದಲ್ಲಿ ಬರೆದ ಕಾಗದದ ಮೇಲೆ ಹೇಗೆ ಬಂತು? ಸಾಕ್ಷಿ ಬಹಳ ಹೊತ್ತು ಸುಮ್ಮನಿದ್ದರು. ಲ್ಯಾಪ್‌ಟಾಪ್ ಒಯ್ದಿದ್ದೆವು ಎಂದರು. ಮುದ್ರಣ ಯಂತ್ರವನ್ನೂ ಒಯ್ದಿದ್ದಿರಾ ಎಂದಾಗ, ಇಲ್ಲ, ಮುದ್ರಿಸಿದ್ದು ಠಾಣೆಯಲ್ಲಿ ಎಂದು ಒಪ್ಪಿದರು. ಪಂಚರಿಬ್ಬರೂ ತಾವು ಸಹಿ ಹಾಕಿದ್ದು ಠಾಣೆಯಲ್ಲೇ ಎಂದರು.

ಹುಡುಗ ಖುಲಾಸೆಯಾದ. ಅಷ್ಟರಲ್ಲಿ ಹದಿನಾಲ್ಕು ತಿಂಗಳು ಸೆರೆಮನೆಯಲ್ಲಿ ಕಳೆದಿದ್ದ. ಅವನ ತಂಗಿಗೆ ಗೊತ್ತಾಗಿದ್ದ ಸಂಬಂಧ ಮುರಿದುಬಿದ್ದಿತ್ತು. ಪೊಲೀಸರು ಆ ಹರಳುಗಳನ್ನು ಎಲ್ಲಿಂದ ತಂದರೆಂದು ನಾನು ಹೇಳಲಾರೆ. ಅವನ ಜೇಬಿನಲ್ಲೇ ಇದ್ದಿರಲೂಬಹುದು. ಆದರೆ ಉದ್ಯಾನದ ಪಕ್ಕದಲ್ಲಿ ನಡೆಯಿತೆಂದು ಪ್ರಮಾಣ ಮಾಡಿ ಹೇಳಿದ ಘಟನೆ ಹೇಳಿದಂತೆ ನಡೆದಿರಲಿಲ್ಲ ಎಂಬುದಂತೂ ಸಾಬೀತಾಯಿತು. ಇದು ತಾಂತ್ರಿಕ ಕಾರಣವಲ್ಲ. ನಡೆದದ್ದೇನು ಎಂಬ ಮೂಲಪ್ರಶ್ನೆ.

12 ಗ್ರಾಂ ಎಂದೆ. ಇಲ್ಲಿ ತೂಕದ ಬಗ್ಗೆ ಒಂದು ಮಾತು. 2001ರ ಅಕ್ಟೋಬರಿನ ಅಧಿಸೂಚನೆಯಂತೆ ಗಾಂಜಾಕ್ಕೆ 20 ಕಿಲೋ, ಚರಸ್‌ಗೆ 1 ಕಿಲೋ, ಹೆರಾಯಿನ್‌ಗೆ 250 ಗ್ರಾಂ ವಾಣಿಜ್ಯ ಪ್ರಮಾಣ. ಎಂಡಿಎಂಎಗೆ ಅದು 10 ಗ್ರಾಂ. ಎಲ್‌ಎಸ್‌ಡಿಗೆ ಒಂದು ಗ್ರಾಮಿನ ಹತ್ತನೇ ಒಂದು ಭಾಗ. 10 ಗ್ರಾಂ ಎಂದರೆ ಚಹಾಕ್ಕೆ ಹಾಕುವ ಎರಡು ಚಮಚ ಸಕ್ಕರೆ. ವಸ್ತುವಿನ ಜೊತೆ ಬೆರೆತ ಪುಡಿಯನ್ನೂ ಸೇರಿಸಿಯೇ ತೂಗಬೇಕೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ, ಆ ಎರಡು ಚಮಚದಲ್ಲಿ ನಿಜವಾದ ಮಾದಕ ಎಷ್ಟಿದೆ ಎಂಬುದೂ ಮುಖ್ಯವಲ್ಲ. ಎರಡು ಚಮಚ ಪುಡಿಯನ್ನು ಅಡಗಿಸಿಟ್ಟುಕೊಳ್ಳುವುದು ಎಷ್ಟು ಸುಲಭವೋ, ಇನ್ನೊಬ್ಬರ ಜೇಬಿಗೆ ಸೇರಿಸುವುದೂ ಅಷ್ಟೇ ಸುಲಭ. ಹಾಗೆ ಸೇರಿಸುವುದು ಪೊಲೀಸರೇ ಆಗಬೇಕೆಂದಿಲ್ಲ. ಜೊತೆಯವನೂ ಆಗಬಹುದು, ಕೊಠಡಿಯನ್ನು ಹಂಚಿಕೊಂಡವನೂ ಆಗಬಹುದು. 50ನೇ ಕಲಮು ಅತ್ಯಂತ ಹೆಚ್ಚು ಬೇಕಾಗಿರುವುದು ಈ ಸಣ್ಣ ತೂಕದ, ದೊಡ್ಡ ಶಿಕ್ಷೆಯ ವಸ್ತುಗಳ ವಿಷಯದಲ್ಲೇ.

ಆದರೆ ಆ ಕಲಮು ಈಗ ಎಷ್ಟು ಉಳಿದಿದೆ? 2001ರ ತಿದ್ದುಪಡಿಯೇ ಅದಕ್ಕೊಂದು ಹೊರದಾರಿ ತೆರೆಯಿತು. ಕರೆದೊಯ್ಯುವಷ್ಟರಲ್ಲಿ ಆತ ವಸ್ತುವನ್ನು ಎಸೆದುಬಿಡಬಹುದೆಂದು ಅಧಿಕಾರಿಗೆ ನಂಬಲು ಕಾರಣವಿದ್ದರೆ, ಆ ಕಾರಣವನ್ನು ಬರೆದಿಟ್ಟು, 72 ಗಂಟೆಯೊಳಗೆ ಪ್ರತಿಯನ್ನು ಮೇಲಧಿಕಾರಿಗೆ ಕಳುಹಿಸಿ, ಅಲ್ಲೇ ಶೋಧಿಸಬಹುದು. ಅದಕ್ಕಿಂತ ದೊಡ್ಡ ಸಂಕೋಚ ಬಂದದ್ದು ತೀರ್ಪುಗಳಿಂದ. ಕಾಯ್ದೆಯಲ್ಲಿರುವುದು ‘ವ್ಯಕ್ತಿಯ ಶೋಧ’ ಎಂಬ ಮಾತು; ಕೈಯಲ್ಲಿ ಹಿಡಿದ ಚೀಲ ವ್ಯಕ್ತಿಯಲ್ಲ ಎಂದು 2005ರಲ್ಲಿ ಪವನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನಡುವೆ 2014ರಲ್ಲಿ, ಚೀಲದ ಜೊತೆ ಮೈಯನ್ನೂ ಶೋಧಿಸಿದ್ದರೆ ಹಕ್ಕನ್ನು ತಿಳಿಸಲೇಬೇಕೆಂಬ ತೀರ್ಪು ಬಂತು. 2023ರಲ್ಲಿ ಮತ್ತೆ, ವಸ್ತು ಸಿಕ್ಕಿದ್ದು ಚೀಲದಲ್ಲಾದರೆ 50ನೇ ಕಲಮಿನ ಮಾತೇ ಬರುವುದಿಲ್ಲ ಎಂದಾಯಿತು. ಅಂದರೆ ಅಂಗಿಯ ಜೇಬಿಗೆ ರಕ್ಷಣೆಯಿದೆ. ಬೆನ್ನಿಗೆ ಅಂಟಿಕೊಂಡೇ ಇರುವ ಚೀಲಕ್ಕಿಲ್ಲ. ವ್ಯಾಕರಣದ ದೃಷ್ಟಿಯಿಂದ ಇದು ಸರಿಯಿರಬಹುದು. ಆದರೆ ಈ ನಗರದಲ್ಲಿ ಯಾವ ವಿದ್ಯಾರ್ಥಿ, ಯಾವ ಉದ್ಯೋಗಿ ಬೆನ್ನಿಗೆ ಚೀಲವಿಲ್ಲದೆ ಹೊರಡುತ್ತಾರೆ? ಚೀಲವನ್ನು ಮೆಟ್ರೊ ನಿಲ್ದಾಣದ ತಪಾಸಣೆಯಲ್ಲಿ, ಅಂಗಡಿಯ ಬಾಗಿಲಲ್ಲಿ, ತರಗತಿಯ ಹೊರಗೆ ದಿನಕ್ಕೆ ಹತ್ತು ಬಾರಿ ಕೈಬಿಟ್ಟು ಇಡುತ್ತೇವೆ. ಬೇರೆಯವರ ಕೈ ಸುಲಭವಾಗಿ ತಲುಪುವ ಜಾಗಕ್ಕೇ ಕಾವಲು ಬೇಡವೆಂದಂತಾಯಿತು. 20 ಕಿಲೋ ಗಾಂಜಾ ಯಾರ ಜೇಬಿನಲ್ಲೂ ಹಿಡಿಸುವುದಿಲ್ಲವಾದ್ದರಿಂದ, ಗಾಂಜಾದ ದೊಡ್ಡ ಪ್ರಕರಣಗಳಲ್ಲಿ ಈ ಕಲಮು ಬಹುಮಟ್ಟಿಗೆ ಕಾಗದದ ಮೇಲಷ್ಟೇ ಉಳಿದಿದೆ.

ನ್ಯಾಯಾಲಯಗಳು ಎಲ್ಲ ಕಡೆಯೂ ಹಿಂದೆ ಸರಿದಿವೆ ಎಂದೇನೂ ಅಲ್ಲ. ಅಧಿಕಾರಿಗಳ ಎದುರು ಆರೋಪಿ ಕೊಟ್ಟ ತಪ್ಪೊಪ್ಪಿಗೆಯನ್ನು ಸಾಕ್ಷ್ಯವಾಗಿ ಬಳಸುವಂತಿಲ್ಲವೆಂದು 2020ರ ಅಕ್ಟೋಬರಿನಲ್ಲಿ ತೂಫಾನ್ ಸಿಂಗ್ ಪ್ರಕರಣದಲ್ಲಿ ಬಂದ ಬಹುಮತದ ತೀರ್ಪು ನನ್ನ ವೃತ್ತಿಜೀವನದಲ್ಲಿ ಕಂಡ ದೊಡ್ಡ ಬದಲಾವಣೆಗಳಲ್ಲೊಂದು. ಅಲ್ಲಿಯವರೆಗೆ 67ನೇ ಕಲಮಿನ ಹೇಳಿಕೆಯೊಂದರಿಂದಲೇ ಶಿಕ್ಷೆಯಾದವರಿದ್ದರು. ಆದರೆ ಅದೇ ವರ್ಷದ ಆಗಸ್ಟಿನಲ್ಲಿ, ದೂರು ಕೊಟ್ಟ ಅಧಿಕಾರಿಯೇ ತನಿಖೆಯನ್ನೂ ನಡೆಸಿದ್ದಾನೆ ಎಂಬುದೊಂದೇ ಕಾರಣಕ್ಕೆ ಆರೋಪಿಯನ್ನು ಬಿಡಲಾಗದು ಎಂದು ಇನ್ನೊಂದು ಸಂವಿಧಾನ ಪೀಠ ಹೇಳಿತ್ತು. ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ತೆರೆದುಕೊಳ್ಳುತ್ತದೆ.

ಈಗ ಜೇಬೂ ಅಲ್ಲದ, ಚೀಲವೂ ಅಲ್ಲದ ಇನ್ನೊಂದು ವಸ್ತು ಬಂದಿದೆ. 2021ರ ಅಕ್ಟೋಬರಿನಲ್ಲಿ ಹೈದರಾಬಾದಿನ ಬೀದಿಗಳಲ್ಲಿ ಪೊಲೀಸರು ದಾರಿಹೋಕರನ್ನು ನಿಲ್ಲಿಸಿ, ಮೊಬೈಲ್ ತೆರೆಸಿ, ವಾಟ್ಸ್‌ಆ್ಯಪ್ ಸಂದೇಶಗಳಲ್ಲಿ ‘ಗಾಂಜಾ’ ಎಂಬ ಪದವಿದೆಯೇ ಎಂದು ಹುಡುಕುತ್ತಿದ್ದ ದೃಶ್ಯಗಳು ದೇಶವೆಲ್ಲ ಹರಡಿದವು. ಅದೇ ತಿಂಗಳು ಮುಂಬೈಯಲ್ಲಿ ಪ್ರಸಿದ್ಧ ಹಿಂದಿ ಚಿತ್ರನಟರೊಬ್ಬರ ಮಗ, ತನ್ನ ಬಳಿ ಏನೂ ಸಿಗದಿದ್ದರೂ ಫೋನಿನ ಸಂದೇಶಗಳ ಬಲದ ಮೇಲೆ ಮೂರು ವಾರಗಳಿಗೂ ಹೆಚ್ಚು ಕಾಲ ಬಂಧನದಲ್ಲಿದ್ದ. 2022ರ ಮೇ ತಿಂಗಳಲ್ಲಿ ಮಾದಕ ವಸ್ತು ನಿಯಂತ್ರಣ ಬ್ಯೂರೊ ದೋಷಾರೋಪ ಪಟ್ಟಿ ಸಲ್ಲಿಸಿದಾಗ, ಸಾಕಷ್ಟು ಸಾಕ್ಷ್ಯವಿಲ್ಲವೆಂದು ಅವನ ಹೆಸರನ್ನೇ ಕೈಬಿಟ್ಟಿತ್ತು. ದೊಡ್ಡ ವಕೀಲರ ಸಾಲು ಬೆನ್ನಿಗಿದ್ದ ಹುಡುಗನ ಕಥೆ ಇದು. ಕಲಬುರಗಿಯ ಹುಡುಗನಿಗೆ ಅಂಥ ಮೂರು ವಾರಗಳು ಹದಿನಾಲ್ಕು ತಿಂಗಳಾಗುತ್ತವೆ.

ಈ ವಿಷಯದಲ್ಲಿ ನಮ್ಮ ರಾಜ್ಯದ ಹೈಕೋರ್ಟ್ ಮುಂಚೂಣಿಯಲ್ಲಿತ್ತು ಎಂಬುದನ್ನು ಹೆಮ್ಮೆಯಿಂದಲೇ ಹೇಳಬೇಕು. 2020ರಲ್ಲಿ ಕನ್ನಡ ಚಿತ್ರರಂಗದ ಸುತ್ತ ಎದ್ದ ಮಾದಕ ವಸ್ತು ಪ್ರಕರಣದಿಂದ ಬಂದ ಅರ್ಜಿಯೊಂದರಲ್ಲಿ, 2021ರ ಮಾರ್ಚ್‌ನಲ್ಲಿ ಕರ್ನಾಟಕ ಹೈಕೋರ್ಟ್ ಮಹತ್ವದ ತೀರ್ಪು ನೀಡಿತು. ಫೋನನ್ನೂ ಮಿಂಚಂಚೆಯನ್ನೂ ಶೋಧಿಸಲು ಸಾಮಾನ್ಯವಾಗಿ ನ್ಯಾಯಾಲಯದ ಶೋಧನಾ ವಾರಂಟು ಬೇಕು. ತುರ್ತು ಸಂದರ್ಭವಾದರೆ ಕಾರಣ ಬರೆದಿಡಬೇಕು. ಆರೋಪಿಯ ಒಪ್ಪಿಗೆಯಿಲ್ಲದೆ ಸುಳ್ಳುಪತ್ತೆ ಪರೀಕ್ಷೆಗೆ ಆದೇಶಿಸುವಂತಿಲ್ಲ ಎಂಬುದು ಅದರ ಸಾರ. ವಾರಂಟು ಇದ್ದಾಗ ಗುಪ್ತಪದ ಕೊಡುವುದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದಂತಲ್ಲ ಎಂದೂ ಅದು ಹೇಳಿತು. ಈ ಕೊನೆಯ ಮಾತನ್ನು ನಾನು ಒಪ್ಪುವುದಿಲ್ಲ, ಇರಲಿ. ತೀರ್ಪು ಬಂದು ಇಷ್ಟು ವರ್ಷಗಳಾದರೂ, ರಾತ್ರಿ ವಾಹನ ತಪಾಸಣೆಯಲ್ಲಿ ‘ಫೋನ್ ತೆಗಿ, ಲಾಕ್ ತೆಗಿ’ ಎಂದಾಗ ಏನು ಮಾಡಬೇಕಿತ್ತು ಸಾರ್ ಎಂದು ಕೇಳಿಕೊಂಡು ಬರುವ ಯುವಕರು ಕಡಿಮೆಯಾಗಿಲ್ಲ. ಅವರಲ್ಲಿ ಹೆಚ್ಚಿನವರ ಮೇಲೆ ಪ್ರಕರಣವೇ ದಾಖಲಾಗಿರುವುದಿಲ್ಲ, ಹಾಗಾಗಿ ಆ ಶೋಧ ಯಾವ ನ್ಯಾಯಾಲಯದ ಮುಂದೆಯೂ ಬರುವುದಿಲ್ಲ.

ಬಂದರೂ ಏನಾಗುತ್ತದೆ? ಅಕ್ರಮ ಶೋಧದಲ್ಲಿ ಸಿಕ್ಕಿತು ಎಂಬ ಕಾರಣಕ್ಕೆ ಮಾತ್ರ ಸಾಕ್ಷ್ಯವನ್ನು ತಳ್ಳಿಹಾಕಬೇಕಿಲ್ಲ ಎಂಬ 1973ರ ಪೂರನ್ ಮಲ್ ತೀರ್ಪು ಇಂದಿಗೂ ನಮ್ಮಲ್ಲಿ ಸಾಮಾನ್ಯ ನಿಯಮ. ಅಮೆರಿಕದಲ್ಲಿ 1961ರಿಂದ ಎಲ್ಲ ರಾಜ್ಯಗಳಲ್ಲೂ ಅಂಥ ಸಾಕ್ಷ್ಯವನ್ನು ಹೊರಗಿಡುವ ನಿಯಮವಿದೆ, ಅಪವಾದಗಳು ಸಾಕಷ್ಟಿದ್ದರೂ. ಅಲ್ಲಿನದನ್ನು ಹಾಗೆಯೇ ತರಬೇಕೆಂದು ನನ್ನ ವಾದವಲ್ಲ. ಆದರೆ ನಿಯಮ ಮುರಿದವರಿಗೆ ಯಾವ ನಷ್ಟವೂ ಆಗದಿದ್ದರೆ ನಿಯಮವನ್ನು ಪಾಲಿಸುವವರು ಯಾರು? ಕಾಯ್ದೆಯಲ್ಲಿ 58ನೇ ಕಲಮೊಂದಿದೆ. ಸಕಾರಣವಿಲ್ಲದೆ ಶೋಧಿಸಿದ, ಕಿರುಕುಳ ಕೊಡಲೆಂದು ಬಂಧಿಸಿದ ಅಧಿಕಾರಿಗೆ 6 ತಿಂಗಳವರೆಗೆ ಸೆರೆವಾಸ ಅಥವಾ 1,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಆರೋಪಿಗೆ 20 ವರ್ಷಗಳವರೆಗೆ ಶಿಕ್ಷೆ ವಿಧಿಸುವ ಅದೇ ಕಾಯ್ದೆಯ ಮಾತಿದು. ಆ 1,000 ರೂಪಾಯಿಯನ್ನೂ ಯಾರಾದರೂ ಕಟ್ಟಿದ್ದನ್ನು ನಾನು ಕಂಡಿಲ್ಲ.

ಪೊಲೀಸರ ಕಷ್ಟವನ್ನೂ ಹೇಳದಿದ್ದರೆ ಈ ಬರಹ ಏಕಪಕ್ಷೀಯವಾದೀತು. ರಾತ್ರಿ ಹನ್ನೊಂದಕ್ಕೆ ಹೊರವರ್ತುಲ ರಸ್ತೆಯಲ್ಲಿ ಒಬ್ಬನನ್ನು ಹಿಡಿದ ಸಬ್ ಇನ್‌ಸ್ಪೆಕ್ಟರ್ ಮ್ಯಾಜಿಸ್ಟ್ರೇಟರನ್ನು ಎಲ್ಲಿಂದ ತಂದಾರು? ನಿಜವಾದ ಸರಬರಾಜುದಾರ ಕಾಯ್ದೆಯನ್ನು ನನ್ನಷ್ಟೇ ಚೆನ್ನಾಗಿ ಬಲ್ಲ. ಅವನು ಹುಡುಗರ ಕೈಯಲ್ಲಿ ಮಾಲು ಕಳುಹಿಸುತ್ತಾನೆ, ತಾನು ಮುಟ್ಟುವುದಿಲ್ಲ. ವ್ಯಸನದಿಂದ ಮಗನನ್ನು ಕಳೆದುಕೊಂಡ ತಂದೆತಾಯಿಯ ಎದುರು 50ನೇ ಕಲಮಿನ ಮಾತಾಡುವುದು ನನಗೂ ಸುಲಭವಲ್ಲ. ಪೊಲೀಸರಲ್ಲಿ ಕಾಗದವನ್ನು ಶ್ರದ್ಧೆಯಿಂದ ಬರೆಯುವವರಿದ್ದಾರೆ. ಅವರ ಪ್ರಕರಣಗಳಲ್ಲಿ ನಾನು ಸೋತಿದ್ದೇನೆ, ಸೋಲಬೇಕಾದದ್ದೇ ಸರಿ. ಹೇಳಬೇಕಾದದ್ದೆಂದರೆ, ಕಷ್ಟಕ್ಕೆ ಪರಿಹಾರ ಇನ್ನೊಬ್ಬನ ಸಹಿಯುಳ್ಳ ಸಿದ್ಧ ಒಕ್ಕಣೆಯಲ್ಲ.

ಪರಿಹಾರಕ್ಕೆ ಬೇಕಾದ ಸಾಧನ ಈಗ ಪ್ರತಿ ಕಾನ್‌ಸ್ಟೇಬಲ್ ಜೇಬಿನಲ್ಲೇ ಇದೆ. ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಮು ಸ್ಥಳದ ಶೋಧವನ್ನೂ ವಸ್ತುಗಳ ಜಪ್ತಿಯನ್ನೂ, ಪಟ್ಟಿ ಮಾಡಿ ಸಹಿ ಹಾಕಿಸುವ ತನಕ, ಧ್ವನಿ ಮತ್ತು ದೃಶ್ಯ ಸಹಿತ ದಾಖಲಿಸಿ ವಿಳಂಬವಿಲ್ಲದೆ ಮ್ಯಾಜಿಸ್ಟ್ರೇಟರಿಗೆ ಕಳುಹಿಸಬೇಕೆನ್ನುತ್ತದೆ. ಮಾದಕ ವಸ್ತುಗಳ ಕಾಯ್ದೆಯ 51ನೇ ಕಲಮು, ವಿರೋಧವಿಲ್ಲದ ಮಟ್ಟಿಗೆ ಸಾಮಾನ್ಯ ಸಂಹಿತೆಯ ಶೋಧನಾ ನಿಯಮಗಳು ಇಲ್ಲಿಗೂ ಅನ್ವಯವೆನ್ನುತ್ತದೆ. ಎರಡನ್ನೂ ಜೋಡಿಸಿ ಓದಿದರೆ ದಾರಿ ಸ್ಪಷ್ಟವಿದೆ. ಆದರೆ ಪೊಟ್ಟಣ ಹೊರಬಂದ ಮೇಲೆ ಆರಂಭವಾಗುವ ಚಿತ್ರೀಕರಣದಿಂದ ಪ್ರಯೋಜನವಿಲ್ಲ. ‘ನಿನಗೆ ಮ್ಯಾಜಿಸ್ಟ್ರೇಟರ ಬಳಿಗೆ ಹೋಗುವ ಹಕ್ಕಿದೆ’ ಎಂದು ಅವನಿಗೆ ತಿಳಿಯುವ ಭಾಷೆಯಲ್ಲಿ ಹೇಳುವ ಕ್ಷಣದಿಂದ, ಅಧಿಕಾರಿಯ ಖಾಲಿ ಕೈಗಳು ಕಾಣುವಂತೆ, ಅದು ಆರಂಭವಾಗಬೇಕು. ದೃಶ್ಯ ಇಲ್ಲದಿದ್ದರೆ ಅದರ ಲಾಭ ಆರೋಪಿಗೆ ಎಂದು ನ್ಯಾಯಾಲಯಗಳು ಹೇಳತೊಡಗಿದರೆ ಯಂತ್ರಗಳು ಕೆಟ್ಟುಹೋಗುವುದು ತಾನಾಗಿಯೇ ನಿಲ್ಲುತ್ತದೆ. ಚೀಲವನ್ನೂ ಫೋನನ್ನೂ 50ನೇ ಕಲಮಿನೊಳಗೆ ತರುವುದು ಸಂಸತ್ತಿನ ಕೆಲಸ. ಅದಕ್ಕೆ ಬೇಕಾದದ್ದು ಒಂದು ಸಾಲಿನ ತಿದ್ದುಪಡಿ.

ಅಲ್ಲಿಯವರೆಗೆ ಮಾಡಬೇಕಾದದ್ದೇನು? ಮಗನನ್ನೋ ಮಗಳನ್ನೋ ಠಾಣೆಗೆ ಕರೆದೊಯ್ದಿದ್ದಾರೆಂದು ರಾತ್ರಿ ಹೊತ್ತು ಫೋನ್ ಮಾಡುವ ತಂದೆತಾಯಂದಿರಿಗೆ ನಾನು ಹೇಳುವ ಮಾತನ್ನೇ ಇಲ್ಲಿಯೂ ಹೇಳುತ್ತೇನೆ. ಪೊಲೀಸರ ಜೊತೆ ಜಗಳ ಬೇಡ, ಕೈ ಅಡ್ಡ ಹಿಡಿಯುವುದು ಬೇಡ, ಓಡುವುದಂತೂ ಬೇಡವೇ ಬೇಡ. ಮೈ ಶೋಧಿಸಬೇಕೆಂದರೆ ಮ್ಯಾಜಿಸ್ಟ್ರೇಟರ ಎದುರು ಶೋಧಿಸಿ ಎಂದು ಕೇಳಲಿ, ವಿನಯದಿಂದಲೇ, ಸುತ್ತಲಿನವರಿಗೆ ಕೇಳುವಷ್ಟು ಗಟ್ಟಿಯಾಗಿ. ವಕೀಲರ ಶುಲ್ಕ ಭರಿಸಲಾಗದವರು ಕಾನೂನು ಸೇವಾ ಪ್ರಾಧಿಕಾರದ ವಕೀಲರನ್ನು ಮೊದಲ ದಿನವೇ ಕೇಳಲಿ. ತನಗೆ ಬಾರದ ಭಾಷೆಯ ಕಾಗದಕ್ಕೆ, ಖಾಲಿ ಜಾಗವಿರುವ ಕಾಗದಕ್ಕೆ ಸಹಿ ಹಾಕದಿರಲಿ. ಹಾಕಲೇಬೇಕಾಗಿ ಬಂದರೆ ಸಹಿಯ ಪಕ್ಕದಲ್ಲಿ ತನ್ನ ಕೈಬರಹದಲ್ಲೇ ಆ ಹೊತ್ತಿನ ಗಂಟೆ ನಿಮಿಷವನ್ನೂ, ಕುಳಿತಿರುವ ಜಾಗವನ್ನೂ ಬರೆಯಲಿ.